ಮುಂದಿನ ಕ್ರೌನು ಅವನಿಗೆ, ಹಿಂದಿನದು ಇವರಿಗೆ

ಗದಗ ಜಿಲ್ಲೆಯಾದ ಮೇಲೆ ನಮ್ಮೂರಲ್ಲಿ ತಮಗೆ ತಾವೇ ಬಡ್ತಿ ಕೊಟ್ಟುಕೊಳ್ಳುವ ಚಟ ಎಲ್ಲರಿಗೂ ಹತ್ತಿತು. ನಮ್ಮ ಓಣಿಯ ಚಹಾದಂಗಡಿಯವನು ಹಳೆಯ ಹಲಗೆಯನ್ನು ಕಿತ್ತೊಗೆದು ‘ಜಿಲ್ಲಾ ಟೀ ಸ್ಟಾಲ್’ ಎಂದು ಬರೆಸಿದ. ಚಹಾ ಮಾತ್ರ ತಾಲೂಕಿನ ಕಾಲದ್ದೇ. ನಾನಾದರೂ ಏಕೆ ಹಿಂದೆ ಬೀಳಲಿ? ಹೊಸ ಕಚೇರಿಗಳ ಹತ್ತಿರ ಒಂದು ಬೇವಿನ ಗಿಡ ಹಿಡಿದು, ಅದರ ಬುಡಕ್ಕೆ ನನ್ನ ಟೇಬಲ್ಲು ಸಾಗಿಸಿ, ‘ಗವಿಸಿದ್ದೇಶ, ಜಿಲ್ಲಾ ಮಟ್ಟದ ಬಾಂಡ್ ರೈಟರ್, ವಾಟ್ನಿ ಪತ್ರದ ಪರಿಣತರು’ ಎಂದು ಬೋರ್ಡು ತೂಗುಹಾಕಿದೆ.

ವಾಟ್ನಿ ಎಂದರೆ ಹಂಚಿಕೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ಕಾಳಿನ ಹಗೇವು, ದನದ ಕೊಟ್ಟಿಗೆ ಇವನ್ನೆಲ್ಲ ಯಾರಿಗೂ ಹೊಟ್ಟೆ ಉರಿಯದ ಹಾಗೆ ಪಾಲು ಮಾಡಿ ಸ್ಟ್ಯಾಂಪ್ ಪೇಪರಿನ ಮೇಲೆ ಇಳಿಸುವುದು ನನ್ನ ಕಸುಬು. ಅಸುಂಡಿಯ ಇಬ್ಬರು ಅಣ್ಣತಮ್ಮಂದಿರು ಒಂದೇ ಬಾವಿಗಾಗಿ ಕೊಡಲಿ ಎತ್ತಿದಾಗ, ಹೊತ್ತು ಏರುವವರೆಗೆ ಅಣ್ಣನಿಗೆ, ಹೊತ್ತು ಇಳಿದ ಮೇಲೆ ತಮ್ಮನಿಗೆ ಎಂದು ಬರೆದು ಜಗಳ ಮುಗಿಸಿದವನು ನಾನೇ. ಅಂದಿನಿಂದ ಜನ ನನ್ನನ್ನು ನ್ಯಾಯಕ್ಕೂ ಕರೆಯತೊಡಗಿದರು. ಹಂಚಲಾಗದ ವಸ್ತುವೇ ಈ ಲೋಕದಲ್ಲಿಲ್ಲ ಎಂದು ನಾನು ನಂಬಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಸ್ಮಾಯಿಲಸಾಬರದು ಬೆಟಗೇರಿ. ಸೀರೆ, ಕುಪ್ಪಸದ ಕಣದ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳನ್ನು ಸುತ್ತುವ ವ್ಯಾಪಾರಸ್ಥರು. ಗೋಣೆಪ್ಪ ಡೋಣಿ ಎಂಬ ಹಳ್ಳಿಯವನು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಜನಕ್ಕೆ ಬ್ಯಾರಲ್ಲಿನಲ್ಲಿ ನೀರು ಸಾಗಿಸುವ ಕೆಲಸ ಹಿಡಿದಿದ್ದ. ಇಪ್ಪತ್ತು ವರ್ಷದ ದೋಸ್ತಿ ಇಬ್ಬರದು. ರಮಜಾನಿಗೆ ಗೋಣೆಪ್ಪನ ಮಂದಿಯೆಲ್ಲ ಬೆಟಗೇರಿಯಲ್ಲಿ, ಪಂಚಮಿಗೆ ಇಸ್ಮಾಯಿಲಸಾಬರ ಮಂದಿಯೆಲ್ಲ ಡೋಣಿಯಲ್ಲಿ. ಗೋಣೆಪ್ಪನ ಹೆಂಡತಿ ಮಾಳವ್ವ ಉಂಡಿ ಕಟ್ಟುವಾಗ ಬೆಟಗೇರಿಯವರ ಡಬ್ಬಿಯನ್ನು ಮೊದಲು ತುಂಬಿಸಿ ಆಮೇಲೆ ಮನೆಯವರಿಗೆ ಕೊಡುತ್ತಿದ್ದಳು.

ಹೊಸ ಜಿಲ್ಲೆಗೆ ಹೊಸ ಗಾಡಿಗಳು ಬಂದು ಹಳೆಯ ಜೀಪುಗಳು ಹರಾಜಿಗೆ ಬಿದ್ದಾಗ ಇಬ್ಬರೂ ಕೂಡಿ ಒಂದನ್ನು ಹಿಡಿದರು. ಮೇಲಿನ ಹೊದಿಕೆ ಕಿತ್ತರು, ದೊಡ್ಡ ಡೀಸೆಲ್ ಇಂಜಿನ್ನು ಕೂಡಿಸಿದರು, ಬಾನೆಟ್ಟು ಮುಚ್ಚದಾದಾಗ ಅದನ್ನೂ ಕಿತ್ತರು, ಸೈಲೆನ್ಸರನ್ನು ಮೇಲಕ್ಕೆ ತಿರುಗಿಸಿ ಹೊಗೆ ಆಕಾಶಕ್ಕೆ ಬಿಟ್ಟರು. ಕೆಂಪು ಬಣ್ಣ ಬಳಿದು ಬೆಳ್ಳಿಗೆರೆ ಎಳೆಸಿದರು. ಅದು ಓಣಿಗೆ ಬಂದರೆ ಗೋಡೆಯ ಮೇಲಿನ ಕುಳ್ಳು ಉದುರುತ್ತಿದ್ದವು. ವಾರದಲ್ಲಿ ಮೂರು ದಿನ ಸಂತೆ, ಮೂರು ದಿನ ಗುಡ್ಡ, ಒಂದು ದಿನ ಜೀಪಿಗೆ ವಿಶ್ರಾಂತಿ. ನಾಲ್ಕು ವರ್ಷ ಒಂದು ಮಾತು ಹೆಚ್ಚು ಕಡಿಮೆ ಆಗಲಿಲ್ಲ.

ಐದನೆಯ ವರ್ಷ ಹಿಂದಿನ ಕ್ರೌನಿನ ಹಲ್ಲು ಮುರಿದವು. ಕ್ರೌನೆಂದರೇನೆಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಎರಡು ಹಿಂದಿನ ಗಾಲಿಗಳ ನಡುವೆ ಒಂದು ಕಬ್ಬಿಣದ ಗಡಿಗೆ ಇರುತ್ತದೆ. ಅದರೊಳಗೆ ಇಂಜಿನ್ನಿನಿಂದ ಬರುವ ರಾಡಿನ ತುದಿಗೆ ಒಂದು ಸಣ್ಣ ಹಲ್ಲಿನ ಚಕ್ರ, ಅದು ತಿರುಗಿಸುವ ಒಂದು ದೊಡ್ಡ ಹಲ್ಲಿನ ಚಕ್ರ. ಆ ದೊಡ್ಡದೇ ಕ್ರೌನು. ಹಳೆಯ ಜೀಪಿನಲ್ಲಿ ರಾಡು ಹೆಚ್ಚುಕಡಿಮೆ ಐದೂವರೆ ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಗಾಡಿ ನಿಧಾನ, ಆದರೆ ಗುಡ್ಡ ಏರುವ ತಾಕತ್ತು ಜಾಸ್ತಿ. ಪೌಣೇನಾಲ್ಕು, ಅಂದರೆ ಮೂರೂಮುಕ್ಕಾಲು ಸುತ್ತಿಗೇ ಗಾಲಿ ಒಂದು ಸುತ್ತು ತಿರುಗುವ ಕ್ರೌನೂ ಸಿಗುತ್ತದೆ. ಅದು ಸಪಾಟು ರಸ್ತೆಯಲ್ಲಿ ಹಾರುತ್ತದೆ, ಏರಿನಲ್ಲಿ ಬಿಕ್ಕುತ್ತದೆ.

ಇಬ್ಬರೂ ನನ್ನ ಬೇವಿನ ಗಿಡದ ಬುಡಕ್ಕೆ ಬಂದು ಕುಳಿತರು.

“ಪೌಣೇನಾಕ ಹಾಕಸೂಣಂತೇನ್ರಿ ರೈಟರ್ರ,” ಎಂದರು ಇಸ್ಮಾಯಿಲಸಾಬರು. “ಲಕ್ಷ್ಮೇಶ್ವರ ಸಂತ್ಯಾಗ ನಾ ಮುಟ್ಟೂದ್ರಾಗ ನೆಳ್ಳಿನ ಜಾಗಾ ಎಲ್ಲಾ ಹೋಗಿರತಾವು. ಬಿಸಲಾಗ ಕುಂತ್ರ ಸೀರಿ ಬಣ್ಣ ಹಾರತೈತಿ, ನನ್ನ ಬಣ್ಣಾನೂ ಹಾರತೈತಿ.”

“ಅಣ್ಣಾ, ಪೌಣೇನಾಕ ಹಾಕಿದ್ರ ನಾಕ ಬ್ಯಾರಲ್ ಹೇರಕೊಂಡು ಗುಡ್ಡ ಹೆಂಗ ಏರಲಿ?” ಎಂದ ಗೋಣೆಪ್ಪ. “ಮ್ಯಾಲ ನಲವತ್ತ ಮಂದಿ ಬಾಯಿ ಒಣಗಿಸ್ಕೊಂಡು ಕುಂತಿರತಾರ. ಮೊದಲ ಇದ್ದದ್ದಽ ಇರಲಿ.”

“ನೀ ಸಾವಕಾಶ ಏರೋ, ಗುಡ್ಡ ಎಲ್ಲಿ ಓಡಿಹೋಗತೈತಿ?”

“ನೀವು ಸಾವಕಾಶ ಹೋಗ್ರಿ, ಸಂತಿ ಎಲ್ಲಿ ಓಡಿಹೋಗತೈತಿ?”

ಇಬ್ಬರೂ ನಕ್ಕರು. ಅದು ಜಗಳವೇ ಅಲ್ಲ. ಅವರನ್ನು ಹಾಗೇ ಬಿಟ್ಟಿದ್ದರೆ ಸಂಜೆಯೊಳಗೆ ಒಬ್ಬರು ಇನ್ನೊಬ್ಬರ ಮಾತಿಗೆ ಬಂದುಬಿಡುತ್ತಿದ್ದರು. ಬಿಡದವನು ನಾನು. ಜಿಲ್ಲಾ ಮಟ್ಟದ ಗಂಭೀರ ಮುಖ ಮಾಡಿ, “ಇದರಾಗ ನ್ಯಾಯದ ಪ್ರಶ್ನಿ ಐತಿ,” ಎಂದೆ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಇಬ್ಬರೂ ನೆಟ್ಟಗೆ ಕುಳಿತರು.

ಸುದ್ದಿ ಚಹಾದಂಗಡಿಗೆ ಹೋಯಿತು. ಅಲ್ಲಿಂದ ಊರಿಗೆ ಹೋಯಿತು. ಬಸ್ ಬಿಟ್ಟು ಪಿಂಚಣಿ ಹಿಡಿದ ಡ್ರೈವರ್ ಶೇಖಸಾಬರು ಪೌಣೇನಾಲ್ಕಿನ ಪಕ್ಷ ಹಿಡಿದರು. ಅವರ ಹೆಂಡತಿ ರಸೂಲಬಿಯ ತವರು ಡೋಣಿ, ಆಕೆ ಐದೂವರೆಯ ಪಕ್ಷ ಹಿಡಿದು ಎರಡು ದಿನ ರೊಟ್ಟಿ ಬಡಿಯಲಿಲ್ಲ. ಕಚೇರಿಯ ಗುಮಾಸ್ತನೊಬ್ಬ ಜೀಪನ್ನು ಎಂದೂ ಓಡಿಸದವನು, “ಎರಡೂ ಕೂಡಿಸಿ ಎರಡರಿಂದ ಭಾಗಿಸ್ರಿ,” ಎಂದು ಸಲಹೆ ಕೊಟ್ಟ. ಅದೇ ಸರಿಯಾದ ಸಲಹೆಯಾಗಿತ್ತು. ಗುಮಾಸ್ತ ಹೇಳಿದ್ದೆಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಹೆಂಡತಿ ಶಿವಲಕ್ಷ್ಮಿ ಅನ್ನ ಬಡಿಸುತ್ತ ಕೇಳಿದಳು. “ಅಲ್ರೀ, ನಿಮಗ ಸೈಕಲ್ ತುಳಿಯಾಕ ಬರೂದಿಲ್ಲ. ಜೀಪಿನ ನ್ಯಾಯ ಹೆಂಗ ಮಾಡತೀರಿ?”

“ನ್ಯಾಯ ಮಾಡಾಕ ತುಳಿಯೂದು ಯಾಕ ಬೇಕು?” ಎಂದೆ. ಉತ್ತರ ನನಗೇ ಬಹಳ ಚಂದ ಕಂಡಿತು.

ಮರುದಿನ ಮುಂಡರಗಿ ರಸ್ತೆಯ ಯಮನೂರಸಾಬನ ಗ್ಯಾರೇಜಿನಲ್ಲಿ ಪಂಚಾಯಿತಿ ಕೂಡಿತು. ಯಮನೂರಸಾಬ ಮಾತು ಕಡಿಮೆಯ ಮೆಕ್ಯಾನಿಕ್. ನಾನು ಜೀಪಿನ ಸುತ್ತ ಕೈ ಹಿಂದೆ ಕಟ್ಟಿಕೊಂಡು ಮೂರು ಸುತ್ತು ಬಂದೆ. ಎರಡನೆಯ ಸುತ್ತಿನಲ್ಲಿ ಬಗ್ಗಿ ನೋಡಿದವನಿಗೆ ಜೀವ ಝಲ್ ಎಂದಿತು. ಮುಂದಿನ ಗಾಲಿಗಳ ನಡುವೆಯೂ ಅಂಥದೇ ಒಂದು ಕಬ್ಬಿಣದ ಗಡಿಗೆ!

“ಇದೇನಪ?”

“ಮುಂದಿನ ಕ್ರೌನ್ರಿ,” ಎಂದ ಯಮನೂರಸಾಬ. “ಸಪಾಟ ರಸ್ತೇದಾಗ ಹಿಂದಿನ ಗಾಲಿ ಅಷ್ಟಽ ದೂಡತಾವು. ಗುಡ್ಡ ಬಂದ್ರ ಈ ಸಣ್ಣ ಲಿವರ್ ಎಳದ್ರ ಮುಂದಿನವೂ ಜಗ್ಗತಾವು. ಅದಕ್ಕಽ ಹೇಳತೇನ್ರಿ, ಎರಡೂ ಕಡಿ ಒಂದಽ…”

“ತಡಿ,” ಎಂದೆ. ನನಗೆ ಬೆಳಕು ಕಂಡಿತ್ತು. ಕ್ರೌನುಗಳು ಎರಡು, ಪಾಲುದಾರರು ಇಬ್ಬರು. ದೇವರೇ ವಾಟ್ನಿ ಮಾಡಿ ಇಟ್ಟಿದ್ದಾನೆ, ಬರೆಯುವುದಷ್ಟೇ ಬಾಕಿ. “ಹಿಂದಿಂದು ಇಸ್ಮಾಯಿಲಸಾಬರಿಗೆ, ಪೌಣೇನಾಕ ಹಾಕ್ರಿ. ಮುಂದಿಂದು ಗೋಣೆಪ್ಪಗ, ಐದೂವರಿ ಐತಿ, ಹಂಗಽ ಇರಲಿ. ಸಂತಿಗೆ ಹಿಂದಿಂದ ದೂಡಲಿ, ಗುಡ್ಡಕ್ಕ ಮುಂದಿಂದ ಜಗ್ಗಲಿ!”

ಶೇಖಸಾಬರು ನನ್ನ ಬೆನ್ನು ಚಪ್ಪರಿಸಿದರು. “ವಾಹ್! ಮೂವತ್ತ ವರ್ಷ ಗಾಡಿ ಹೊಡದೇನಿ, ಈ ವಿಚಾರ ನನಗ ಹೊಳೀಲಿಲ್ಲ!” ಗೋಣೆಪ್ಪ ಹಿಗ್ಗಿಹೋದ. ಮುಂದಿನದು ತನಗೆ ಬಂತೆಂದು ಅವನಿಗೆ ಮಾನ, ಜೋರಾಗಿ ಓಡುವುದು ತಮಗೆ ಬಂತೆಂದು ಇಸ್ಮಾಯಿಲಸಾಬರಿಗೆ ಸಮಾಧಾನ.

“ರೈಟರ್ರ, ಒಂದ ಮಾತು,” ಎಂದ ಯಮನೂರಸಾಬ. “ಬ್ಯಾರೆ ಬ್ಯಾರೆ ಹಾಕಬಾರದ್ರಿ. ನಾಕೂವರಿದು ಎರಡೂ ಕಡಿ…”

“ನಾಕೂವರಿ ಹಾಕಿದ್ರ ಇಬ್ಬರಿಗೂ ಅಸಮಾಧಾನ. ನೀ ಪಾನಾ ಹಿಡಿಯಾಂವ, ಪಾನಾ ಹಿಡಿ.”

“ಹಂಗಾದ್ರ ಆ ಸಣ್ಣ ಲಿವರ್…”

ಮೂರನೆಯ ಸಲ ಬಾಯಿ ತೆರೆದವನನ್ನು ಸುಮ್ಮನಾಗಿಸಲು ನನ್ನ ಹತ್ತಿರ ಒಂದು ಹಳೆಯ ಉಪಾಯವಿದೆ. ಅವನನ್ನೇ ಸಾಕ್ಷಿ ಮಾಡಿ ಸಹಿ ಹಾಕಿಸಿದೆ. ಸ್ಟ್ಯಾಂಪ್ ಪೇಪರಿನ ಮೇಲೆ ಹೆಸರು ಬಿದ್ದ ಮೇಲೆ ನಮ್ಮ ಕಡೆಯ ಮನುಷ್ಯ ಅದರ ವಿರುದ್ಧ ಮಾತಾಡುವುದಿಲ್ಲ.

ಪತ್ರ ಬರೆಯಲು ನನಗೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. ವಾಟ್ನಿಯೆಂದ ಮೇಲೆ ನಾಲ್ಕೂ ದಿಕ್ಕಿನ ಎಲ್ಲೆಯ ಚಕ್ಕುಬಂದಿ ಬರೆಯಲೇಬೇಕು. ಹೊಲವಾದರೆ ಇದ್ದಲ್ಲೇ ಇರುತ್ತದೆ, ಜೀಪು ತಿರುಗುತ್ತದೆ. ತಲೆ ಕೆರೆದುಕೊಂಡು ಕೊನೆಗೆ ಹೀಗೆ ಬರೆದೆ: ‘ಸದರಿ ಜೀಪು ಮೂಡಲಕ್ಕೆ ಮುಖ ಮಾಡಿ ನಿಂತಾಗ, ಮುಂದಿನ ಕ್ರೌನಿಗೆ ಪೂರ್ವದಲ್ಲಿ ಬಂಪರು, ಪಶ್ಚಿಮದಲ್ಲಿ ಇಂಜಿನ್ನು, ಉತ್ತರ ದಕ್ಷಿಣಕ್ಕೆ ಒಂದೊಂದು ಗಾಲಿ. ಇದರ ಮೇಲೆ ಮತ್ತು ಸಣ್ಣ ಲಿವರಿನ ಮೇಲೆ ಗೋಣೆಪ್ಪನಿಗೆ ಪೂರ್ಣ ಹಕ್ಕು. ಎಳೆಯುವಾಗ ಯಾರೂ ತಕರಾರು ಮಾಡತಕ್ಕದ್ದಲ್ಲ.’ ಆ ಕೊನೆಯ ಸಾಲು ಯಮನೂರಸಾಬನಿಗಾಗಿಯೇ ಬರೆದದ್ದು. ಇಸ್ಮಾಯಿಲಸಾಬರು ಹುಬ್ಬಳ್ಳಿಯ ಗುಜರಿಯಿಂದ ಪೌಣೇನಾಲ್ಕಿನ ಕ್ರೌನು ತಂದರು, ಯಮನೂರಸಾಬ ತುಟಿ ಪಿಟಕ್ಕೆನ್ನದೆ ಕೂಡಿಸಿದ.

ಮೊದಲ ಸಂತೆಗೆ ಜೀಪು ಲಕ್ಷ್ಮೇಶ್ವರಕ್ಕೆ ಹೋದ ಪರಿಯನ್ನು ಜನ ಬಹಳ ದಿನ ಹೇಳಿದರು. ಇಸ್ಮಾಯಿಲಸಾಬರು ಮುಟ್ಟಿದಾಗ ಸಂತೆಯ ಕಸ ಹೊಡೆಯುವವರೂ ಬಂದಿರಲಿಲ್ಲವಂತೆ. ಎಲ್ಲಕ್ಕಿಂತ ದೊಡ್ಡ ಗಿಡದ ನೆರಳು ಹಿಡಿದರು. ಮರಳಿ ಬರುವಾಗ ನನಗೊಂದು ಧೋತರ ತಂದರು. ಅವರ ಹೆಂಡತಿ ಫಕೀರಬಿ ನಮ್ಮ ಮನೆಗೆ ಸುರಕುಂಬಾ ಪಾಯಸ ಕಳಿಸಿದರು. “ಏನರ ಅನ್ರಿ, ನಿಮ್ಮ ತಲಿ ತಲಿ,” ಎಂದಳು ಶಿವಲಕ್ಷ್ಮಿ, ಬಟ್ಟಲು ನೆಕ್ಕುತ್ತ. ಹೆಂಡತಿಯಿಂದ ಆ ಮಾತು ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗುಡ್ಡದ ದಿನ ಗೋಣೆಪ್ಪ ಬೇವಿನ ಗಿಡದವರೆಗೆ ಬಂದು ಕರೆದ. “ನೀವು ಕೊಟ್ಟ ಹಕ್ಕು, ನೀವಽ ಕುಂತ ನೋಡಬೇಕ್ರಿ.” ಇಸ್ಮಾಯಿಲಸಾಬರೂ ಆ ದಿನ ವ್ಯಾಪಾರ ಬಿಟ್ಟು ಬಂದರು, ದೋಸ್ತನ ಪಾಲಿನ ಚಂದ ನೋಡಲು. ನನ್ನನ್ನು ಮುಂದೆ ಕೂಡಿಸಿ, ಹಿಂದೆ ನಾಲ್ಕು ಬ್ಯಾರಲ್ಲು ನೀರಿನ ಜತೆ ತಾವು ಕುಳಿತರು.

ಡೋಣಿ ದಾಟಿ ಗುಡ್ಡದ ದಾರಿ ಹಿಡಿಯುವವರೆಗೆ ಎಲ್ಲ ಸರಿಯಿತ್ತು. ಮೊದಲ ಏರಿಗೇ ಜೀಪು ಬಿಕ್ಕತೊಡಗಿತು. “ಎಳಿಯಪಾ ನಿನ್ನ ಲಿವರ್!” ಎಂದೆ. ಗೋಣೆಪ್ಪ ಲಿವರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎಳೆದ. ಜೀಪು ಒಂದು ಸಲ ಮುಲುಕಿತು. ಹಿಂದಿನ ಗಾಲಿ ಮುಂದಕ್ಕೆ ಜಿಗಿಯಲು ನೋಡಿದವು, ಮುಂದಿನ ಗಾಲಿ ಒಲ್ಲೆನೆಂದವು. ಇಡೀ ಗಾಡಿ ನಡುಗಿತು, ನನ್ನ ಕಟ್ಟಿಸಿದ ಹಲ್ಲು ಬಾಯಲ್ಲೇ ಕುಣಿದವು.

“ಏ, ಬಿಡೋ ಲಿವರ್!” ಎಂದು ಹಿಂದಿನಿಂದ ಇಸ್ಮಾಯಿಲಸಾಬರು ಕೂಗಿದರು.

“ಬಿಡಬ್ಯಾಡ, ಹಕ್ಕು ನಿಂದು!” ಎಂದು ನಾನು ಕೂಗಿದೆ.

ನನ್ನ ಮಾತು ಕೇಳಿ ಗೋಣೆಪ್ಪ ಆಕ್ಸಿಲರೇಟರು ಒತ್ತಿದ. ಕಾಲ ಕೆಳಗೆ ಬಾಂಬು ಹೊಡೆದಂಥ ಸಪ್ಪಳವಾಯಿತು. ಜೀಪು ಹಿಂದಕ್ಕೆ ಜಾರಿತು. ಗೋಣೆಪ್ಪ ಬ್ರೇಕು ತುಳಿದು ನಿಲ್ಲಿಸುವಷ್ಟರಲ್ಲಿ ಬ್ಯಾರಲ್ಲುಗಳು ಹಗ್ಗ ಹರಿದುಕೊಂಡು ಒಂದರ ಹಿಂದೆ ಒಂದು ಡೋಣಿಯ ಕಡೆ ಹೊರಟವು. ಇಸ್ಮಾಯಿಲಸಾಬರು ಜಿಗಿದು ಗಾಲಿಗೆ ಕಲ್ಲು ಕೊಟ್ಟರು. ಕೊನೆಯ ಬ್ಯಾರಲ್ಲು ಬಂಡೆಗೆ ಬಡಿದು ಒಡೆದು, ಅದರ ನೀರೆಲ್ಲ ಕೆಳಗಿನ ಹೊಲದ ಎರಡು ಎಮ್ಮೆಗಳ ಮೇಲೆ ಬಿತ್ತು. ಆ ದಿನ ನನ್ನ ನ್ಯಾಯದಿಂದ ತಂಪಾದ ಜೀವ ಅವೆರಡೇ.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಇಬ್ಬರು ದೋಸ್ತರು ಜೀಪಿನ ಆ ಕಡೆ ಈ ಕಡೆ ನಿಂತುಬಿಟ್ಟಿದ್ದರು.

“ಬಿಡು ಅಂದ್ರ ಬಿಡಲಿಲ್ಲ ನೀ.”

“ನಿಮ್ಮ ಹಿಂದಿಂದು ದಬ್ಬಿದ್ದಕ್ಕಽ ಆತಿದು.”

“ನಿನ್ನ ಮುಂದಿಂದು ತಡದದ್ದಕ್ಕ ಆತು!”

ನನ್ನದು, ನಿನ್ನದು. ಇಪ್ಪತ್ತು ವರ್ಷ ಅವರ ಬಾಯಲ್ಲಿ ನಾನು ಕೇಳದ ಮಾತುಗಳು. ಅವನ್ನು ಸ್ಟ್ಯಾಂಪ್ ಪೇಪರಿನ ಮೇಲೆ ಬರೆದು ಅವರ ಬಾಯಿಗೆ ಹಾಕಿದವನು ನಾನು.

ಎತ್ತು ಕಟ್ಟಿ ಜೀಪನ್ನು ಗ್ಯಾರೇಜಿಗೆ ಎಳೆತಂದ ಮೇಲೆ ಒಬ್ಬನೇ ಹೋಗಿ ಯಮನೂರಸಾಬನನ್ನು ಕೇಳಿದೆ. ಅವನು ನಡುವಿನ ಗೇರು ಡಬ್ಬಿ ಬಿಚ್ಚಿ ತೋರಿಸಿದ. ಒಳಗಿನ ಹಲ್ಲೆಲ್ಲ ಚುರುಮುರಿಯಾಗಿದ್ದವು.

“ರೈಟರ್ರ, ಒಂದ ಎತ್ತು ಹದಿಮೂರ ಹೆಜ್ಜಿ ಇಡೂದ್ರಾಗ ಜೋಡಿ ಎತ್ತು ಒಂಬತ್ತಽ ಇಟ್ರ ನೊಗ ಏನಾಗತೈತ್ರಿ?”

“ಮುರೀತೈತಿ.”

“ಇದೂ ಹಂಗಽರಿ. ಲಿವರ್ ಎಳಿಯೂತನಕ ತ್ರಾಸಿಲ್ಲ, ಮುಂದಿನ ಗಾಲಿ ಸುಮ್ಮನ ಬರತಾವು. ಎಳದ ಕೂಡಲೆ ಒಂದಕ್ಕೊಂದು ಜಗ್ಗ್ಯಾಡತಾವು.”

“ನನಗ ಯಾಕ ಹೇಳಲಿಲ್ಲೋ?”

“ಮೂರ ಸಲ ಬಾಯಿ ತಗದೆರಿ. ಮೂರನೇ ಸಲ ನೀವು ಸಹಿ ಮಾಡಿಸಿಕೊಂಡ್ರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗ್ಯಾರೇಜಿನಿಂದ ನೆಟ್ಟಗೆ ಬೆಟಗೇರಿಗೆ ಹೋದೆ. “ಇಸ್ಮಾಯಿಲಸಾಬರ, ತಪ್ಪು ನಂದು. ನನಗ ಜೀಪಿನ ಗಂಧಗಾಳಿ ಇಲ್ಲ. ಸುಮ್ಮನ ನ್ಯಾಯ ಹೇಳಿಬಿಟ್ಟೆ,” ಎಂದು ಕೈ ಮುಗಿದೆ. ಅವರು ನನ್ನ ಕೈ ಹಿಡಿದು ಕೂಡಿಸಿದರು. “ಎಂಥಾ ಮಾತ್ರಿ! ಅವನ ಮಾನ ಉಳಿಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ದೊಡ್ಡ ಮಂದಿ ನೀವು. ಅವಗ ಗಾಡಿ ಹೊಡಿಯಾಕ ಬರೂದಿಲ್ಲ, ಅಷ್ಟಽ.”

ಡೋಣಿಗೆ ಹೋದೆ. ಗೋಣೆಪ್ಪನಿಗೂ ಅದನ್ನೇ ಹೇಳಿದೆ. “ನಿಮ್ಮ ನ್ಯಾಯ ಬರೋಬ್ಬರಿ ಇತ್ರಿ ರೈಟರಣ್ಣಾರ. ಇಬ್ಬರಿಗೂ ಸಮ ಕೊಟ್ಟಿದ್ರಿ,” ಎಂದ ಅವನು ಕಣ್ಣಲ್ಲಿ ನೀರು ತಂದು. “ಅವರಽ ಸಂತಿ ಆಸೇಕ್ಕ ಬಿದ್ದು ಎಂಥಾದೋ ಗುಜರಿ ಮಾಲ ತಂದು ತುರಕಿದ್ರು.” ಅವನ ನೀರಿನ ಕೆಲಸ ಅಷ್ಟರಲ್ಲಾಗಲೇ ಬೇರೊಬ್ಬ ಟ್ರ್ಯಾಕ್ಟರಿನವನ ಪಾಲಾಗಿತ್ತು.

ಕೊನೆಗೆ ಇಬ್ಬರನ್ನೂ ಗ್ಯಾರೇಜಿಗೆ ಕರೆಸಿದೆ. ನೋಡಲೆಂದು ಅರ್ಧ ಊರು ಬಂತು. “ಯಮನೂರಸಾಬ, ಎಲ್ಲಾರ ಮುಂದ ಹೇಳಿಬಿಡು. ಯಾರ ತಪ್ಪು?” ಎಂದೆ. ಪಾಪ, ಆ ಮನುಷ್ಯ ನನ್ನ ನೆರೆತ ತಲೆ ನೋಡಿದ, ಸುತ್ತಲಿನ ಜನರನ್ನು ನೋಡಿದ. ಇಷ್ಟು ಮಂದಿಯ ಎದುರು ಹಿರಿಯನ ಮುಖಕ್ಕೆ ಮಸಿ ಬಳಿಯಲು ಅವನಿಗೆ ಮನಸ್ಸು ಬರಲಿಲ್ಲ. “ನಿಮ್ಮದೇನ ತಪ್ಪಿಲ್ಲರಿ. ಮಾಲ ಖರಾಬ ಇತ್ತು,” ಎಂದುಬಿಟ್ಟ.

“ಕೇಳಿದ್ರ್ಯಾ? ಅವರು ತಂದ ಮಾಲು!” ಎಂದ ಗೋಣೆಪ್ಪ.

“ಖರಾಬ ಆದದ್ದು ನೀ ಮುರದ ಮ್ಯಾಲ!” ಎಂದರು ಇಸ್ಮಾಯಿಲಸಾಬರು.

“ಅಲ್ರೋ, ನಾನಽ ದಡ್ಡ!” ಎಂದು ನಾನು ಎದೆ ಬಡಿದುಕೊಂಡೆ. “ನೋಡ್ರಿ, ಎಷ್ಟ ದೊಡ್ಡ ಗುಣ,” ಎಂದರು ಶೇಖಸಾಬರು. ಜನ ತಲೆದೂಗಿದರು. ನನ್ನ ಮರ್ಯಾದೆ ಆ ದಿನ ಇನ್ನೂ ಒಂದು ಮೆಟ್ಟಿಲು ಏರಿತು, ಅವರಿಬ್ಬರೂ ಬೇರೆ ಬೇರೆ ದಾರಿ ಹಿಡಿದು ಮನೆಗೆ ಹೋದರು.

ಜೀಪು ಮಾರಿಹೋಯಿತು. ಪಾಲುದಾರಿಕೆ ಬಿಟ್ಟ ಕಾಗದ ಬರೆಸಲು ಬೇರೆ ಬೇರೆ ದಿನ ಬಂದರು. ನನ್ನ ಪೆನ್ನು ನಡೆಯಲಿಲ್ಲ ಎಂದು ಹೇಳಿದರೆ ಕೇಳಲು ಚಂದ, ಆದರೆ ಸುಳ್ಳು. ನಡೆಯಿತು. ಕೈಗೆ ಅದೇ ರೂಢಿ. ಒಂದು ಕಾಟು ಹಾಕದೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. ಆ ವರ್ಷದ ಪಂಚಮಿಗೆ ಡೋಣಿಯಿಂದ ಬೆಟಗೇರಿಗೆ ಉಂಡಿ ಬರಲಿಲ್ಲ. ಮಾಳವ್ವ ಡಬ್ಬಿ ತುಂಬಿಟ್ಟು, ಒಯ್ಯುವವರಿಲ್ಲದೆ ಹದಿನೈದು ದಿನ ಕಾದು, ಕೊನೆಗೆ ಓಣಿಗೆಲ್ಲ ಹಂಚಿದಳಂತೆ. ಅದನ್ನು ಕೇಳಿದ ದಿನವೇ ಬೋರ್ಡಿನ ಮೇಲಿನ ‘ಪರಿಣತರು’ ಎಂಬುದಕ್ಕೆ ಸುಣ್ಣ ಬಳಿದೆ. ವಿನಯ ಎಂದುಕೊಂಡು ಇನ್ನೂ ನಾಲ್ಕು ಗಿರಾಕಿ ಹೆಚ್ಚು ಬಂದರು.

ಮರುವರ್ಷ ಮಳೆಗಾಲದಲ್ಲಿ ಶಿರಹಟ್ಟಿಗೆ ಹೋಗಬೇಕಾಗಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ತುಂಬಿದ ಬಸ್ಸು. ಮೂವರು ಕೂಡ್ರುವ ಒಂದು ಸೀಟಿನಲ್ಲಿ ನಡುವಿನ ಜಾಗವೊಂದೇ ಖಾಲಿ. ಕಿಡಕಿಯ ಕಡೆ ಗೋಣೆಪ್ಪ, ಎತ್ತು ನೋಡಲು ಹೊರಟವನು. ಈ ತುದಿಗೆ ಇಸ್ಮಾಯಿಲಸಾಬರು, ತೊಡೆಯ ಮೇಲೆ ಸೀರೆಯ ಗಂಟು. ಅವರ ನಡುವೆ ಹೋಗಿ ಕುಳಿತೆ. ಇಬ್ಬರೂ ನನಗೆ ನಮಸ್ಕಾರ ಮಾಡಿದರು.

ಮುಳಗುಂದ ದಾಟುವಾಗ ಮಳೆ ಹಿಡಿಯಿತು. ಕಿಡಕಿಯಿಂದ ಎರಚಲು ಹೊಡೆಯತೊಡಗಿತು.

“ರೈಟರ್ರ,” ಎಂದರು ಇಸ್ಮಾಯಿಲಸಾಬರು ಎದುರಿಗೆ ನೋಡುತ್ತ. “ಅವಗ ಕಿಡಕಿ ಹಾಕ್ಕೊ ಅನ್ರಿ. ಮಳ್ಯಾಗ ನೆನದ್ರ ಅವಗ ದಮ್ಮು ಏಳತೈತಿ.”

ನಾನು ಬಾಯಿ ತೆರೆಯುವ ಮೊದಲೇ ಗೋಣೆಪ್ಪ ಕಿಡಕಿ ಎಳೆದ. “ಅವರಿಗೆ ಹೇಳ್ರಿ,” ಎಂದ, ಹೊರಗೆ ನೋಡುತ್ತ, “ಗಂಟು ಇತ್ತಾಗ ಕೊಡ್ರಿ ಅಂತ. ಅವರಿಗೆ ಮಣಕಾಲ ನೋವು ಐತಿ.”

ಇಬ್ಬರೂ ನನ್ನ ಮುಖ ನೋಡಿದರು. ಮಾತು ದಾಟಿಸಲು ಒಬ್ಬ ಹಿರಿಯ ಬೇಕಲ್ಲ. ನಾನು ಎದ್ದು, ಮುಂದೆ ಹೋಗಿ ಕಂಬಿ ಹಿಡಿದು ನಿಂತೆ.

ತಿರುಗಿ ನೋಡಿದರೆ ನಡುವಿನ ಜಾಗದಲ್ಲಿ ಗಂಟು ಕುಳಿತಿತ್ತು. ತಿರುವಿನಲ್ಲಿ ಅದು ಜಾರದ ಹಾಗೆ ಒಂದು ಕಡೆಯಿಂದ ಇಸ್ಮಾಯಿಲಸಾಬರು, ಇನ್ನೊಂದು ಕಡೆಯಿಂದ ಗೋಣೆಪ್ಪ ಕೈ ಒತ್ತಿದ್ದರು. ಇಬ್ಬರ ಮುಖವೂ ಬೇರೆ ಬೇರೆ ಕಡೆಗೆ.

ಕಂಡಕ್ಟರು ಜನರ ನಡುವೆ ನುಸುಳುತ್ತ ಬಂದ. “ಹಿರಿಯಾರ, ಆ ಗಂಟು ಸರಸಿದ್ರ ನಡುವ ಜಾಗಾ ಐತಲ್ರಿ. ಈ ವಯಸ್ಸಿನಾಗ ಯಾಕ ನಿಂತೀರಿ?”

“ಬ್ಯಾಡಪಾ,” ಎಂದೆ. “ನಾ ಅವರ ನಡುವ ಹೋಗಿ ಕುಂತದ್ದಕ್ಕಽ ಇಷ್ಟೆಲ್ಲಾ ಆಗೇತಿ.”